ಉಳಿದಿರೋ ಹನ್ನೆರಡು ಪರ್ಸೆಂಟ್

ತಮ್ಮಾ,

ಕರೆಂಟ್ ಇನ್ನೂ ಬಂದಿಲ್ಲ. ಸೋಲಾರ್ ಬ್ಯಾಟರಿಯಲ್ಲಿ ಉಳಿದಿರೋ ಹನ್ನೆರಡು ಪರ್ಸೆಂಟ್ ಅಮ್ಮನ ಆಕ್ಸಿಜನ್ ಮಷಿನ್‌ಗೆ ಮಾತ್ರ.

ಫ್ರಿಜ್ ಆರಿಸಿದೀನಿ, ಹಾಲು ಕೆಟ್ಟರೆ ಕೆಡಲಿ. ನಿನ್ನ ಫೋನ್ ಚಾರ್ಜಿಗೆ ಹಾಕಿದ್ರೆ ಕೈ ಮುರೀತೀನಿ.

ಮಷಿನ್ ಕೂಗಿಕೊಂಡ್ರೆ ಅಮ್ಮನ್ನ ಎತ್ತಿ ಕೂರಿಸು, ಪಕ್ಕದ್ಮನೆ ನರ್ಸಕ್ಕನ್ನ ಕರಿ. ನಾನು ಸಿಲಿಂಡರ್ ಹುಡುಕ್ಕೊಂಡು ಹೊರಟೆ. ಯಾರ ಕಾಲಾದ್ರೂ ಹಿಡಿದು ತರ್ತೀನಿ.

ನಿನ್ನೆ ಅಷ್ಟು ಬಿಸಿಲಿದ್ರೂ ಬ್ಯಾಟರಿ ಯಾಕೆ ತುಂಬಿಲ್ಲ, ನೀನೇ ಏನೋ ಕಿತಾಪತಿ ಮಾಡಿದೀಯ ಅಂತ ಬಾಯಿಗೆ ಬಂದಂಗೆ ಬೈದೆನಲ್ಲ, ಈಗ ತಾರಸಿಗೆ ಹೋಗಿ ನೋಡಿದೆ. ಸೋಲಾರ್ ಪ್ಯಾನೆಲ್ ತುಂಬಾ ಅಮ್ಮನ ರಜಾಯಿ. ಬೇಗ ಒಣಗ್ಲಿ ಅಂತ ನಿನ್ನೆ ಬೆಳಿಗ್ಗೆ ನಾನೇ ಹರವಿದ್ದೆ, ಮರ್ತೇಬಿಟ್ಟೆ.

ಅಮ್ಮನಿಗೆ ಹೇಳ್ಬೇಡ ಕಣೋ. ರಜಾಯಿ ಚೆನ್ನಾಗಿ ಒಣಗಿದೆ, ಕೆಳಗೆ ತಂದಿಟ್ಟಿದೀನಿ, ಹೊದಿಸು.

ಇವತ್ತು ಆಕಾಶದ ತುಂಬಾ ಮೋಡ.

ಅಕ್ಕ