ನಲ್ಲಿಯಲ್ಲಿ ಬಂದದ್ದು ಪತ್ರದಲ್ಲಿ ಬರಬಾರದೇ?

ನೀರು ಸರಬರಾಜು ಕಚೇರಿಯ ಮುಖ್ಯಾಧಿಕಾರಿಗಳೇ,

ನಮ್ಮ ಬೀದಿಯ ನಲ್ಲಿಯಲ್ಲಿ ಹೇಲು ಬಂತು. ಈ ವಾಕ್ಯವನ್ನು ಹೀಗೆಯೇ, ಇದೇ ಪದದಲ್ಲಿ, ನಿಮ್ಮ ಕಚೇರಿಗೆ ಮೇಲ್ ಮಾಡಿದ್ದೆ. ನಿಮ್ಮ ಕಚೇರಿ ಅದನ್ನು ಓದದೆಯೇ ಅಳಿಸಿಹಾಕಿತು. ನೀವು ಸಭೆ ಸೇರಿ, ಯೋಚಿಸಿ, ಆರಿಸಿ ತಂದ ಸ್ಪ್ಯಾಮ್ ಫಿಲ್ಟರ್‌ಗೆ ಆ ಪದ ಅಸಹ್ಯವಂತೆ. ನನಗೂ ಅಸಹ್ಯವೇ ಸ್ವಾಮಿ. ಆದರೆ ನನಗೆ ಅಸಹ್ಯವಾದದ್ದು ಮಕ್ಕಳು ಕೈ ತೊಳೆಯುವ ತೊಟ್ಟಿಯಲ್ಲಿ ಅದು ಕಂಡದ್ದು, ಪತ್ರದಲ್ಲಿ ಅದರ ಹೆಸರು ಇದ್ದದ್ದಲ್ಲ. ನೀರು ಸೋಸಬೇಕಾದ ಕಚೇರಿ ನೀರನ್ನು ಹಾಗೇ ಬಿಟ್ಟು ಪತ್ರವನ್ನು ಸೋಸಿತು ಎಂಬುದೇ ನನ್ನ ದೂರು.

ನಾನು ಶಿಶುವಿಹಾರ ನಡೆಸುವವಳು. ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳನ್ನು ಬೆಳಗಿನಿಂದ ಸಂಜೆಯವರೆಗೆ ನೋಡಿಕೊಳ್ಳುತ್ತೇನೆ. ನಿಮ್ಮ ಫಿಲ್ಟರ್ ಬೆಚ್ಚಿಬೀಳುವ ಆ ಪದವನ್ನು ಹೇಳದೆ ನನ್ನ ಕಸುಬಿನಲ್ಲಿ ಒಂದು ಗಂಟೆಯೂ ಕಳೆಯುವುದಿಲ್ಲ. ಯಾವ ಮಗುವಿಗೆ ಆಯಿತು, ಯಾವುದಕ್ಕೆ ಆಗಲಿಲ್ಲ, ಆದದ್ದು ಗಟ್ಟಿಯೋ ತೆಳುವೋ ಎಂಬುದು ನಮ್ಮಲ್ಲಿ ತಾಯಂದಿರ ಜೊತೆ ಸಂಜೆ ಬಾಗಿಲಲ್ಲಿ ನಿಂತು ಆಡುವ ಮಾತು. ಹಾಗಾಗಿ ಒಂದು ಬೆಳಿಗ್ಗೆ ಪುಟ್ಟ ತೊಟ್ಟಿಗೆ ನೀರು ಬಿಟ್ಟಾಗ ಬಂದ ವಾಸನೆ ಯಾವುದೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನೀರು ಕಂದುಬಣ್ಣಕ್ಕಿತ್ತು. ತಳದಲ್ಲಿ ಎಳೆ ಎಳೆಯಾಗಿ ಏನೋ ಕೂತಿತ್ತು. ನಮ್ಮ ಅಡುಗೆಯಾಕೆ ಮೂಗಿಗೆ ಸೆರಗು ಹಿಡಿದುಕೊಂಡು, "ಇದು ಮೋರಿ ನೀರಲ್ಲ ಅಕ್ಕ, ಅದಕ್ಕಿಂತ ಮುಂದಿನದು" ಎಂದಳು.

ನಿಮ್ಮ ಕಚೇರಿಗೆ ಫೋನ್ ಮಾಡಿದರೆ ದೂರುಗಳನ್ನು ಮೇಲ್ ಮೂಲಕ ಮಾತ್ರ ಸ್ವೀಕರಿಸಲಾಗುವುದು ಎಂದು ಒಂದು ಸಿಹಿಕಂಠ ಹೇಳಿ ಇಟ್ಟುಬಿಟ್ಟಿತು. ಸರಿ, ಮೇಲ್ ಬರೆದೆ. ತೊಟ್ಟಿಯ ಫೋಟೊ ತೆಗೆದು ಲಗತ್ತಿಸಿದೆ. ತುರ್ತು ಎಂದು ಬರೆದೆ, ದಯವಿಟ್ಟು ಎಂದು ಬರೆದೆ, ಚಿಕ್ಕ ಮಕ್ಕಳಿದ್ದಾರೆ ಎಂದು ಬರೆದೆ. ಮಕ್ಕಳ ತಾಯಂದಿರು ಅದೇ ಒಕ್ಕಣೆಯನ್ನು ತಮ್ಮ ತಮ್ಮ ಫೋನಿನಿಂದ ಕಳಿಸಿದರು. ಒಂದೂ ವಾಪಸ್ ಬರಲಿಲ್ಲ. ವಾಪಸ್ ಬರದಿದ್ದರೆ ತಲುಪಿದೆ ಎಂದೇ ಅರ್ಥವಲ್ಲವೇ? "ಬರೆದಿದ್ದೇನೆ, ಇವತ್ತೋ ನಾಳೆಯೋ ಬಂದು ನೋಡುತ್ತಾರೆ" ಎಂದು ನಾನು ದಿನವೂ ಆ ತಾಯಂದಿರಿಗೆ ಹೇಳಿದೆ. ಕುಡಿಯುವ ನೀರು ಕುದಿಸಿದೆವು, ತಟ್ಟೆ ಲೋಟಗಳನ್ನು ಕುದಿಸಿದ ನೀರಲ್ಲೇ ತೊಳೆದೆವು. ಆದರೆ ಒದ್ದೆ ಕೈಯನ್ನು ಬಾಯಿಗೆ ಹಾಕಬೇಡ ಎಂದು ಎರಡು ವರ್ಷದ ಮಗುವಿಗೆ ತಾವೇ ಒಮ್ಮೆ ಬಂದು ಸುತ್ತೋಲೆ ಹೊರಡಿಸಿ ನೋಡಿ.

ಆರು ಮಕ್ಕಳು ವಾಂತಿ ಭೇದಿಯಿಂದ ಮಲಗಿದವು. ಐದು ಮನೆಯಲ್ಲೇ ಚೇತರಿಸಿಕೊಂಡವು. ನಾವೆಲ್ಲ ಗುಬ್ಬಿ ಎಂದು ಕರೆಯುವ, ಬಸ್ ಓಡಿಸುವ ತಾಯಿಯ ಒಬ್ಬಳೇ ಮಗಳು ಮಾತ್ರ ಆಸ್ಪತ್ರೆ ಸೇರಿದಳು. ಆಮೇಲೆ ತನಿಖೆ ನಡೆಯಿತು. ಆರೋಗ್ಯ ವಿಭಾಗದವರು ನಿಮ್ಮನ್ನು ಕೇಳಿದರು. ನೀವು ನಿಮ್ಮ ಮುದ್ರೆ ಒತ್ತಿ, "ಸದರಿ ಬೀದಿಯಿಂದ ನೀರಿನ ಗುಣಮಟ್ಟದ ಕುರಿತು ಯಾವುದೇ ದೂರು ಸ್ವೀಕೃತವಾಗಿರುವುದಿಲ್ಲ" ಎಂದು ಬರೆದುಕೊಟ್ಟಿರಿ. ನೀರು ಚೆನ್ನಾಗಿದ್ದ ಮೇಲೆ ತಪ್ಪು ನನ್ನ ಅಡುಗೆಮನೆಯದೇ ಆಗಬೇಕಲ್ಲ. ಶಿಶುವಿಹಾರದ ಬಾಗಿಲಿಗೆ ಬೀಗ ಬಿತ್ತು.

ನಿಮ್ಮ ಕಚೇರಿಗೆ ಬಂದೆ. ತಾವು ಸಿಗಲಿಲ್ಲ. ಕಂಪ್ಯೂಟರ್ ವಿಭಾಗದ ಅಧಿಕಾರಿ ಸಿಕ್ಕರು. ನನ್ನ ವಿಳಾಸ ಹಾಕಿ ಹುಡುಕಿ, ಕನ್ನಡಕ ಸರಿಮಾಡಿಕೊಂಡು ಹೇಳಿದರು.

"ಮೇಡಂ, ನಿಮ್ಮ ಮೇಲು ನಮ್ಮ ಸರ್ವರ್‌ಗೆ ಬಂದಿದೆ. ಆದ್ರೆ ನಮಗೆ ಬಂದಿಲ್ಲ."

"ಹಂಗಂದ್ರೆ?"

"ಬಂದ ತಕ್ಷಣ ಹೋಗಿದೆ."

"ಎಲ್ಲಿಗೆ?"

"ಎಲ್ಲಿಗೂ ಇಲ್ಲ. ಡಿಲೀಟ್ ಆಗಿದೆ. ತುರ್ತು ಅಂತ ಬರ್ದಿದ್ರಿ, ಅದಕ್ಕೆ ಇಷ್ಟು ಅಂಕ. ಫೋಟೊಗೆ ಇಷ್ಟು. ಒಂದೇ ಥರದ್ದು ಸುಮಾರು ಜನ ಕಳ್ಸಿದ್ರಿ, ಅದಕ್ಕಿಷ್ಟು. ಆಮೇಲೆ ಆ ಪದ ಬೇರೆ ಹಾಕಿದ್ರಲ್ಲ."

"ಯಾವ ಪದ?"

ಅವರು ಪಕ್ಕದ ಮೇಜಿನ ಗುಮಾಸ್ತೆಯ ಕಡೆ ನೋಡಿ ದನಿ ತಗ್ಗಿಸಿದರು. "ಅದೇ ಮೇಡಂ. ಎರಡಕ್ಷರದ್ದು. ತ್ಯಾಜ್ಯ ಅಂತ ಬರೀಬಹುದಿತ್ತಲ್ಲ?"

"ವಾಸನೆ ತ್ಯಾಜ್ಯದ್ದಾಗಿರಲಿಲ್ಲ ಸಾರ್" ಎಂದೆ. ಪಕ್ಕದ ಮೇಜಿನ ಹೆಂಗಸು ಫೈಲಿನ ಮರೆಯಲ್ಲಿ ನಕ್ಕರು. ನನಗೆ ನಗು ಬರಲಿಲ್ಲ.

ಈ ಫಿಲ್ಟರ್ ಹುಟ್ಟಿದ ಕಥೆಯನ್ನೂ ಅವರೇ ಹೇಳಿದರು. ತಾವು ಗಣ್ಯರ ಸಭೆಯಲ್ಲಿ ದೊಡ್ಡ ಪರದೆಯ ಮೇಲೆ ಮೇಲ್ ತೆರೆದಾಗ ಗಂಡಸರ ಶಕ್ತಿವರ್ಧಕದ ಜಾಹೀರಾತು ಚಿತ್ರಸಮೇತ ಪ್ರತ್ಯಕ್ಷವಾಯಿತಂತೆ. ಮುಜುಗರವಾಗಿರಬೇಕು, ಪಾಪ. ಮರುವಾರವೇ ಸಮಿತಿ ಕೂತಿತು. ಸಮಿತಿಯ ಮುಂದೆ ಇದ್ದ ದಾರಿಗಳು ಒಂದೆರಡಲ್ಲ. ಕಸದ ಮೇಲ್ ಹಂಚುವುದಕ್ಕೇ ಹೆಸರಾದ ಸರ್ವರ್‌ಗಳ ಪಟ್ಟಿ ಸಿಗುತ್ತದಂತೆ, ಅಂಥವನ್ನು ಬಾಗಿಲಲ್ಲೇ ತಡೆಯಬಹುದು. ಇನ್ನೊಂದು ಉಪಾಯದಲ್ಲಿ ಅಪರಿಚಿತ ಸರ್ವರ್‌ಗೆ "ಈಗ ಬೇಡ, ಆಮೇಲೆ ಬಾ" ಎನ್ನುತ್ತಾರಂತೆ. ನಿಜವಾದದ್ದು ಮತ್ತೆ ಬರುತ್ತದೆ, ಕಸದವನಿಗೆ ಅಷ್ಟು ತಾಳ್ಮೆ ಇರುವುದಿಲ್ಲ. ಆಮೇಲೆ ಬನ್ನಿ ಎನ್ನುವುದು ನಿಮ್ಮ ಕಚೇರಿಯ ಪ್ರತಿಯೊಬ್ಬರಿಗೂ ಕರಗತವಾದ ವಿದ್ಯೆ. ಯಂತ್ರಕ್ಕೆ ಅದನ್ನೇ ಕಲಿಸಲಿಲ್ಲ ನೀವು. ಪದ ನೋಡಿ ಅಂಕ ಹಾಕುವ, ಅಂಕ ಮೀರಿದ್ದನ್ನು ಅಳಿಸುವ ಯಂತ್ರವೇ ಸಾಕೆಂದಿರಿ.

ಅದನ್ನಾದರೂ ಒಪ್ಪೋಣ. ಸಂಶಯ ಹುಟ್ಟಿಸಿದ ಮೇಲ್‌ಗಳನ್ನು ಪಕ್ಕಕ್ಕೆ ಎತ್ತಿಟ್ಟು ಯಾರಾದರೂ ದಿನಕ್ಕೊಮ್ಮೆ ಕಣ್ಣಾಡಿಸಬಹುದಿತ್ತು. ಅದಕ್ಕೆ ಸಿಬ್ಬಂದಿ ಇಲ್ಲ ಎಂದಿರಿ. ಕನಿಷ್ಠ, ನಿಮ್ಮ ಮೇಲನ್ನು ನಾವು ತೆಗೆದುಕೊಳ್ಳುವುದಿಲ್ಲ ಎಂದು ಕಳಿಸಿದವರಿಗೆ ತಿಳಿಸಬಹುದಿತ್ತು. ಹಾಗೆ ತಿಳಿಸಿದರೆ ಜನ ಮತ್ತೆ ಬರೆಯುತ್ತಾರೆ, ಕಚೇರಿಗೇ ಬಂದು ಕೂರುತ್ತಾರೆ, ಆದ್ದರಿಂದ ಬೇಡ ಎಂದು ಸಮಿತಿಯಲ್ಲಿ ಒಬ್ಬರು ಹೇಳಿದರಂತೆ; ಉಳಿದವರು ತಲೆಯಾಡಿಸಿದರಂತೆ. ಹೇಸಿಗೆ ಎಂದರೆ ಇದು. ನಲ್ಲಿಯಲ್ಲಿ ಬಂದದ್ದು ಒಡೆದ ಕೊಳವೆಯ ಕೆಲಸ, ಕೊಳವೆಗೆ ಬುದ್ಧಿಯಿಲ್ಲ. ಇದನ್ನು ಬುದ್ಧಿಯಿರುವವರು ಫ್ಯಾನಿನ ಕೆಳಗೆ ಕೂತು, ಕಾಫಿ ಕುಡಿದು ತೀರ್ಮಾನಿಸಿದ್ದು. ನೀವು ಬಾಗಿಲು ಹಾಕಿಕೊಂಡಿದ್ದರೆ ನಾನು ಬಡಿಯುತ್ತಿದ್ದೆ, ಗಲಾಟೆ ಮಾಡುತ್ತಿದ್ದೆ, ಮಕ್ಕಳನ್ನು ಒಂದು ವಾರ ಮನೆಯಲ್ಲೇ ಇರಿಸಿಕೊಳ್ಳಿ ಎಂದು ತಾಯಂದಿರಿಗೆ ಹೇಳುತ್ತಿದ್ದೆ. ನೀವು ಬಾಗಿಲು ತೆರೆದಿಟ್ಟು, ಕೈನೀಡಿ ಪತ್ರ ಇಸಿದುಕೊಂಡು, ಬೆನ್ನ ಹಿಂದೆ ಹರಿದುಹಾಕಿದಿರಿ.

ಇಷ್ಟೆಲ್ಲ ಮಾಡಿ ಮರ್ಯಾದೆಯಾದರೂ ಉಳಿಯಿತೇ? ನಾನು ಅಲ್ಲಿ ಕೂತಿದ್ದಾಗಲೇ ಆ ಅಧಿಕಾರಿಯ ಪರದೆಯ ಮೇಲೆ ಒಂದು ಹೊಸ ಮೇಲ್ ಬಂತು. ಅವರಿಗೆ ವಿದೇಶದಲ್ಲಿ ಬಹುಮಾನ ಬಂದಿದೆಯಂತೆ, ಬ್ಯಾಂಕ್ ವಿವರ ಕಳಿಸಬೇಕಂತೆ. ಒಳ್ಳೆಯ ಭಾಷೆ, ಒಂದೂ ಕೆಟ್ಟ ಪದವಿಲ್ಲ. ಅವರು ಅಭ್ಯಾಸಬಲದಿಂದ ಅದನ್ನು ಅಳಿಸಿದರು. ಮೋಸಗಾರ ನಯವಾಗಿ ಬರೆಯುತ್ತಾನೆ, ಅದು ಅವನ ಹೊಟ್ಟೆಪಾಡು. ಕಷ್ಟದಲ್ಲಿರುವವರು ಕೂಗುತ್ತಾರೆ, ಬೇಡುತ್ತಾರೆ, ಹತ್ತು ಜನರನ್ನು ಸೇರಿಸಿಕೊಂಡು ಅದನ್ನೇ ಮತ್ತೆ ಮತ್ತೆ ಹೇಳುತ್ತಾರೆ. ನಿಮ್ಮ ಲೆಕ್ಕದಲ್ಲಿ ಇವೆಲ್ಲ ಸ್ಪ್ಯಾಮಿನ ಲಕ್ಷಣಗಳು. ಹಾಗಾದರೆ ನಿಮ್ಮ ಕಚೇರಿ ಇರುವುದು ಯಾರ ಪತ್ರ ಓದಲು?

ಈಗ ಒಡೆದ ಕೊಳವೆಯನ್ನು ಸದ್ದಿಲ್ಲದೆ ರಿಪೇರಿ ಮಾಡಿ, ನೀರು ತಿಳಿಯಾಗಿದೆ, ಪ್ರಕರಣ ಮುಕ್ತಾಯ ಎನ್ನುತ್ತೀರಿ. ನನ್ನ ಮಟ್ಟಿಗೆ ಮುಗಿದಿಲ್ಲ. ಮೊನ್ನೆ ಆಸ್ಪತ್ರೆಗೆ ಹೋಗಿದ್ದೆ. ಗುಬ್ಬಿ ಎದ್ದು ಕೂತಿದ್ದಳು, ಕೆನ್ನೆ ಇಳಿದುಹೋಗಿತ್ತು. ಎರಡು ವರ್ಷದಿಂದ ನಸುಕಿನಲ್ಲಿ ಡಿಪೊಗೆ ಹೋಗುವ ಮುಂಚೆ ಆ ಮಗುವನ್ನು ನಿದ್ದೆಗಣ್ಣಿನಲ್ಲೇ ನನ್ನ ತೋಳಿಗೆ ದಾಟಿಸುತ್ತಿದ್ದ ತಾಯಿ ಪಕ್ಕದಲ್ಲಿದ್ದಳು. ನಾನು ಫೋನ್ ತೆಗೆದು ಕಳಿಸಿದ ಮೇಲುಗಳನ್ನು ತೋರಿಸಿದೆ, ನಿಮ್ಮ ಯಂತ್ರ ಅಳಿಸಿದ್ದನ್ನೂ ಹೇಳಿದೆ. ಅವಳು ನೋಡಿದಳು.

"ನೀವು ಕಳ್ಸಿರಬಹುದು ಆಂಟಿ, ನಾನೂ ಕಳ್ಸಿದ್ದೆ. ಆದ್ರೆ ಸರಿಯಾದ ವಿಳಾಸಕ್ಕೆ ಹೋಯ್ತೋ ಇಲ್ವೋ. ಬಂದೇ ಇಲ್ಲ ಅಂತ ಆಫೀಸ್ನೋರು ಸೀಲ್ ಹಾಕಿ ಕೊಟ್ಟಿದ್ದಾರಲ್ಲ. ವಿಳಾಸ ನೀವೇ ತಾನೆ ಕೊಟ್ಟಿದ್ದು?" ಎಂದಳು. ಆಮೇಲೆ, "ಹೋಗ್ಲಿ ಬಿಡಿ, ಪರವಾಗಿಲ್ಲ" ಎಂದಳು. ಜಗಳವಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಗುಬ್ಬಿ ನನ್ನ ಕಡೆ ಕೈಚಾಚಿದಳು. ನಾನು ಎತ್ತಿಕೊಳ್ಳಲು ಬಗ್ಗಿದೆ. ತಾಯಿ ಮಗುವನ್ನು ತನ್ನ ಕಡೆಗೆ ಒಂದು ಗೇಣು ಎಳೆದುಕೊಂಡಳು.

ಆದ್ದರಿಂದ ಪರಿಹಾರ, ಕ್ಷಮಾಪಣೆ, ಸಮಿತಿ ಯಾವುದೂ ನನಗೆ ಬೇಡ. ಫಿಲ್ಟರನ್ನು ಬದಲಾಯಿಸಿ, ತೆಗೆದುಕೊಳ್ಳದ ಮೇಲ್‌ಗಳ ವಿಷಯ ಕಳಿಸಿದವರಿಗೆ ತಿಳಿಸಿ. ಅದು ಊರಿನವರ ಪರವಾಗಿ ಕೇಳಿದ್ದು. ನನ್ನ ಪರವಾಗಿ ಕೇಳುವುದು ಒಂದೇ. ಅದೇ ಮುದ್ರೆ ಒತ್ತಿ, ಅದೇ ಕೈಯಲ್ಲಿ, ಆ ತಾಯಿಗೆ ಬರೆದುಕೊಡಿ: ಶಿಶುವಿಹಾರದ ಆಂಟಿ ಸರಿಯಾದ ವಿಳಾಸಕ್ಕೇ ಬರೆದಿದ್ದರು, ಮಕ್ಕಳು ಕಾಯಿಲೆ ಬೀಳುವ ಮುಂಚೆಯೇ ಬರೆದಿದ್ದರು, ನಾವು ಅಳಿಸಿದೆವು. ಆ ಕಾಗದವನ್ನು ಯಾರ ಕೈಯಲ್ಲೂ ಕಳಿಸಬೇಡಿ. ತಾವೇ ಆಸ್ಪತ್ರೆಗೆ ಹೋಗಿ, ಆಕೆ ಓದಿ ಮುಗಿಸುವವರೆಗೂ ಅಲ್ಲೇ ನಿಂತಿರಿ. ಆ ಒಂದು ಗೇಣು ನನಗೆ ವಾಪಸ್ ಬೇಕು.

ಇಂತಿ,
ನಿಮ್ಮ ದಾಖಲೆಯ ಪ್ರಕಾರ ಏನನ್ನೂ ಬರೆಯದ,
ಬೀಗ ಬಿದ್ದ ಶಿಶುವಿಹಾರದ ಆಂಟಿ