ಬೆನ್ನಿಗೆ ಶೇಕಡಾ ಮೂವತ್ತು

ಶ್ರೀರಾಂಪುರ, ಮೈಸೂರು
೯ ಸೆಪ್ಟೆಂಬರ್ ೨೦೦೨

ಮುದ್ದು ಮಗಳು ಪದ್ಮಾಳಿಗೆ ಅವ್ವನ ಪ್ರೀತಿಯ ನೆನಪುಗಳು.

ನಿನ್ನ ಕಾಗದ ತಲುಪಿತು. ಅಪ್ಪನ ಅಂಗವಿಕಲ ಪಿಂಚಣಿಗೆ ಮತ್ತೆ ಮತ್ತೆ ಅರ್ಜಿ ಹಾಕುವುದು ಕೈಚಾಚಿದ ಹಾಗೆ, ಇನ್ನು ಸಾಕು ಮಾಡಲಿ ಎಂದು ನಿನ್ನ ಮಾವ ಚಾಮಯ್ಯನವರು ಹೇಳಿದರೆಂದು ಬರೆದಿದ್ದೀಯ. ಸಾಕು ಮಾಡುವುದಿಲ್ಲ. ಲಡಾಖಿನಲ್ಲಿ ಲಾರಿ ಮಗುಚಿ ಬೆನ್ನುಮೂಳೆ ಜರುಗಿದ್ದು ನಿಮ್ಮಪ್ಪ ನೆಂಟರ ಮನೆಗೆ ಹೋಗುವಾಗಲ್ಲ. ತೊಂಬತ್ತೈದರಲ್ಲಿ ಸೇನೆಯಿಂದ ಬಿಡುಗಡೆ ಮಾಡುವಾಗ ಡಾಕ್ಟರುಗಳು ಶೇಕಡಾ ಹದಿನೈದು ಎಂದು ಬರೆದರು. ಇಪ್ಪತ್ತಿಲ್ಲದಿದ್ದರೆ ಏನೂ ಸಿಗುವುದಿಲ್ಲ.

ನನ್ನ ಮೂರನೇ ಅರ್ಜಿಗೆ ಬೆಂಗಳೂರಿನಲ್ಲಿ ಮರುಪರೀಕ್ಷೆಗೆ ಕರೆ ಬಂತು. ಜೊತೆಗೆ ಹೋದೆ. ನನ್ನನ್ನು ಹೊರಗೆ ಕೂರಿಸಿದರು, ಆದರೆ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಸೇನೆಯ ಆಫೀಸರುಗಳೇ ಆದ ಮೂವರು ಡಾಕ್ಟರು. ಬಗ್ಗಿ ಎಂದದ್ದೇ ತಡ, ನಿಮ್ಮಪ್ಪ ಹಲ್ಲು ಕಚ್ಚಿ ನೆಲ ಮುಟ್ಟುವಷ್ಟು ಬಗ್ಗಿದರು. ನೋವಿದೆಯೇ ಎಂದರೆ ಇಲ್ಲ ಸಾರ್ ಎಂದರು. ಪೆನ್ನು ಓಡತೊಡಗಿತು. ನಾನು ಒಳಗೆ ನುಗ್ಗಿದೆ.

“ನೀವು ಆಫೀಸರು ಹೇಳುದ್ರಿ, ಬಗ್ಗುದ್ರು. ಮನೇಲಿ ಇವ್ರ ಕಾಲ್ಗೆ ಚಪ್ಪಲಿ ತೊಡ್ಸೋಳು ನಾನು ಕಣ್ರೀ. ಈಗ ನೆಟ್ಟಗೆ ನಿಂತ್ಕೊಳ್ಳಿ ಅನ್ನಿ, ನೋಡಾನ.”

ನಿಲ್ಲಲು ಆಗಲಿಲ್ಲ ಪದ್ಮಾ. ಮೇಜಿನ ಅಂಚು ಹಿಡಿದು ಹಾಗೇ ಉಳಿದರು, ಹಣೆಯಿಂದ ಬೆವರು ತೊಟ್ಟಿಕ್ಕುತ್ತಿತ್ತು. ಹಿರಿಯ ಡಾಕ್ಟರು ತಾವೇ ಎದ್ದು ಬಂದು ಕುರ್ಚಿ ಕೊಟ್ಟರು, ಮೊದಲಿನಿಂದ ಕೇಳಿದರು. ನಿಮ್ಮಪ್ಪ ನೆಲ ನೋಡುತ್ತ ಒಂದೊಂದಾಗಿ ಹೇಳಿದರು. ಕೆಲವನ್ನು ನಾನೂ ಅಂದೇ ಮೊದಲು ಕೇಳಿದ್ದು.

ವಾಪಸು ಬರುವಾಗ ಬಸ್ಸು ಮದ್ದೂರು ದಾಟಿದ ಮೇಲೆ, “ನನ್ ಮಾನ ತೆಗ್ದುಬುಟ್ಟೆ,” ಎಂದರು. ತೆಗೆದರೆ ತೆಗೆದೆ ಎಂದೆ.

ನಿನ್ನೆ ಆದೇಶ ಬಂತು. ಬೆನ್ನಿಗೆ ಶೇಕಡಾ ಮೂವತ್ತು, ಸೇವೆಯಲ್ಲೇ ಆದದ್ದು ಎಂದು ಒಪ್ಪಿದ್ದಾರೆ. ಅಂದು ಹೇಳಿಕೊಂಡ ಮಂಡಿನೋವು ಮಾತ್ರ ವಯಸ್ಸಿನದಂತೆ. ನಲವತ್ತೆಂಟು ಎಂಥ ವಯಸ್ಸು? ಅದಕ್ಕೂ ಅರ್ಜಿ ಬರೆಯಲು ಕೂತಿದ್ದೇನೆ. ಇಷ್ಟು ದಿನ ಬೇಡ ಎನ್ನುತ್ತಿದ್ದ ನಿಮ್ಮಪ್ಪ, ಇವತ್ತು ಸೇನೆಯ ಡಿಸ್ಚಾರ್ಜ್ ಬುಕ್ಕನ್ನು ತಾವೇ ತಂದು ಮುಂದಿಟ್ಟರು. ಬೀಗರಿಗೆ ಇಷ್ಟನ್ನೂ ಓದಿ ಹೇಳು.

ನಿನ್ನ ಅವ್ವ,
ಪುಟ್ಟಲಿಂಗಮ್ಮ

ಇನ್ನೊಂದು ಮಾತು, ಇದನ್ನು ಓದಿ ಹೇಳಬೇಡ. ತೊಂಬತ್ತೈದರಲ್ಲೇ ನಿಮ್ಮಪ್ಪ ಮೇಲ್ಮನವಿ ಬರೆದು, ಅಂಚೆಗೆ ಹಾಕೆಂದು ನನ್ನ ಕೈಗೆ ಕೊಟ್ಟಿದ್ದರು. ಆಗ ನಿನಗೆ ಗಂಡು ನೋಡುತ್ತಿದ್ದೆವು. ಕೈಲಾಗದವನ ಮಗಳು ಎಂದಾರೆಂದು ಹೆದರಿ ಒಲೆಗೆ ಹಾಕಿದೆ. ಅವರಿಗೆ ಗೊತ್ತಾಯಿತು. ಅಂದಿನಿಂದ ನೋವೆಂದು ಬಾಯಿಬಿಡುವುದನ್ನೇ ನಿಲ್ಲಿಸಿದರು.