ಒಂದೇ ಕಾರು, ಎರಡು ಯಂತ್ರ

ರಾಯದುರ್ಗ,
೪ ನವೆಂಬರ್ ೨೦೨೪

ಶ್ರಾವಣಿಯ ಅಪ್ಪನಿಗೆ ಅರ್ಚನಾಳ ನಮಸ್ಕಾರ.

ಹೇಗಿದ್ದೀರಿ? ಸೈಲೆನ್ಸರ್ ತಗುಲಿ ಸುಟ್ಟಿದ್ದ ಮುಂಗೈ ಗಾಯ ಮಾಯಿತೇ? ಮುಲಾಮನ್ನು ಇಲ್ಲೇ ಬಿಟ್ಟುಹೋಗಿದ್ದೀರಿ. ಮಡಕಶಿರಾದಲ್ಲಿ ನಿಮ್ಮ ಅಕ್ಕ ಇದ್ದಾರೆ, ಹೊತ್ತಿಗೆ ಸರಿಯಾಗಿ ಉಣ್ಣಿಸುತ್ತಾರೆ ಎಂಬುದೊಂದೇ ನನಗೆ ಸಮಾಧಾನ. ಶ್ರಾವಣಿ ಕೇಳಿದರೆ, ಅಪ್ಪ ಮಮತಾ ಅತ್ತೆಯನ್ನು ನೋಡಲು ಹೋಗಿದ್ದಾರೆ ಎಂದಷ್ಟೇ ಹೇಳುತ್ತೇನೆ. ನೀವು ಫೋನ್ ಎತ್ತುವುದಿಲ್ಲ, ಅದಕ್ಕೇ ಈ ಪತ್ರ.

ನಿಮ್ಮ ಕೈಯಲ್ಲಿ ಕಾರಿನ ಇಂಜಿನ್ ಬಲ ಹೆಚ್ಚಿಸಿಕೊಂಡಿದ್ದ ವಾಗೀಶ್ ಆ ದಿನ ನಮ್ಮ ಗ್ಯಾರೇಜಿನ ಮುಂದೆ ಅಷ್ಟೂ ಗಿರಾಕಿಗಳ ಎದುರು ಕೂಗಾಡಿದ್ದು ಇನ್ನೂ ಕಿವಿಯಲ್ಲಿದೆ. "ಬೆಂಗಳೂರಿನ ಬಲ ಅಳಿಯೋ ಯಂತ್ರದಾಗ ನೂರಾ ನಾಕು ಕುದುರೆ ಬಲ ಬಂತು ಅಂದ್ರಿ. ಬಳ್ಳಾರ್ಯಾಗ ಅಳೆಸಿದ್ರ ಎಂಬತ್ತೆಂಟು! ಕಂಪನಿಯವ್ರು ಕೊಟ್ಟಿದ್ದ ಎಂಬತ್ತೈದು. ಮತ್ತ ನೀವು ಮಾಡಿದ್ದೇನ್ರಿ?" ಕಾರಿನ ಎಳೆತ, ಆ ಟಾರ್ಕ್ ಕೂಡ ಕಡಿಮೆ ಬಂದಿದೆ ಎಂದು ಕಾಗದ ಬೀಸಿ ತೋರಿಸಿದ. ನೀವು ಬಾಯಿ ತೆರೆಯುವ ಮೊದಲೇ ನಾನು, "ತಪ್ಪಾಗೈತಿ ವಾಗೀಶ್, ಬ್ಯಾರೇರ ಕಡೆ ಸರಿ ಮಾಡಿಸಿ ಕೊಡ್ತೀವಿ" ಎಂದುಬಿಟ್ಟೆ. ಇದ್ದ ಗಿರಾಕಿಗಳೂ ಹೋಗುತ್ತಾರೆಂಬ ಭಯ. ನೀವು ನನ್ನ ಕಡೆ ತಿರುಗಿ, "ನೀನೂ ಹಂಗ ಅಂತೀಯೇನು?" ಎಂದಿರಿ. ಕೈ ತೊಳೆದುಕೊಂಡು ಹೊರಟ ನಿಮ್ಮನ್ನು ನಾನು ತಡೆಯಲಿಲ್ಲ.

ಕಳೆದ ಶುಕ್ರವಾರ ಕಾರನ್ನು ಮತ್ತೆ ಅಳೆಸಲು ವಾಗೀಶನನ್ನು ಒಪ್ಪಿಸಿ ಬಳ್ಳಾರಿಗೆ ಹೊರಡಿಸಿದೆ. ಅವನ ಹಿಂದೆ ನಾನು ಓಬಳಪ್ಪ ಮಾವನ ಕಾರು ನಡೆಸಿಕೊಂಡು ಹೋದೆ. ಅದೇ ಮಾದರಿ, ಅದೇ ವರ್ಷದ್ದು. ಕಂಪನಿಯಿಂದ ಬಂದಂತೆಯೇ ಇದೆ, ಯಾರೂ ಕೈಹಚ್ಚಿಲ್ಲ. (ಡಿ. ಹಿರೇಹಾಳ್ ಹತ್ತಿರ ಅದಿರಿನ ಲಾರಿಗಳ ನಡುವೆ ಜೀವ ಬಾಯಿಗೆ ಬಂತು, ನೀವು ನೋಡಿದ್ದರೆ ಬೈಯುತ್ತಿದ್ದಿರಿ.) ಅಲ್ಲಿ ಗಾಲಿಗಳನ್ನು ಉಕ್ಕಿನ ಉರುಳೆಗಳ ಮೇಲೆ ನಿಲ್ಲಿಸಿ, ಕಾರನ್ನು ಪಟ್ಟಿಗಳಿಂದ ಬಿಗಿದು ಓಡಿಸುತ್ತಾರೆ. ಮಾವನ ಕಾರಿಗೆ ಬಂದದ್ದು ಬರೀ ಎಪ್ಪತ್ತೊಂದು! ವಾಗೀಶನದಕ್ಕೆ ಮತ್ತೆ ಎಂಬತ್ತೆಂಟೇ. ಯಂತ್ರ ನಡೆಸುವವರು ಹೇಳಿದರು: "ನಮ್ದು ಗಾಲಿಗೆ ಮುಟ್ಟಿದಷ್ಟ ತೋರಸ್ತೈತ್ರಿ. ಬೆಂಗಳೂರಿನವ್ರು ಗೇರ್‌ಬಾಕ್ಸು, ಟೈರಿನ್ಯಾಗ ಸೋರಿಹೋಗೋದನ್ನೂ ಕೂಡಿಸಿ ಇಂಜಿನ್ ಬಲ ಬರ್ದಾರ. ಕಂಪನಿ ಹೇಳೋದೂ ಇಂಜಿನ್ದ. ಅದನ್ನೂ ಇದನ್ನೂ ಯಾಕ ಹೋಲಸ್ತೀರಿ?" ಅಂದರೆ ಒಂದೇ ಯಂತ್ರದ ಮೇಲೆ ನೋಡಿದರೆ, ನಿಮ್ಮ ಕೆಲಸದಿಂದ ಹದಿನೇಳು ಹೆಚ್ಚಾಗಿದೆ. ಟಾರ್ಕ್ ಕೂಡ ಹಾಗೆಯೇ ಏರಿದೆ. ವಾಗೀಶ್ ಬಾನೆಟ್ ಮೇಲೆ ಕೈಯಿಟ್ಟುಕೊಂಡು, "ಅಕ್ಕಾ, ನಾಗಾರ್ಜುನಣ್ಣಗ ಹೆಂಗ ಮುಖ ತೋರಸ್ಲಿ?" ಎಂದ. ಅವನಾದರೂ ಹೊರಗಿನವನು, ನಾನು ಹೆಂಡತಿ.

ಮರುದಿನ ಅವನು ಗ್ಯಾರೇಜಿಗೆ ಬಂದು, ತನ್ನದೇ ತಪ್ಪೆಂದು ಎಲ್ಲರ ಮುಂದೆ ಹೇಳಿದ. ನಾನೂ ಹೇಳಿದೆ. ಆದರೆ ಕೇಳಿಸಿಕೊಳ್ಳಬೇಕಾದ ನೀವು ಅಲ್ಲಿರಲಿಲ್ಲ.

ಮಮತಕ್ಕನಿಗೆ ನಮಸ್ಕಾರ ತಿಳಿಸಿ. ಹೊಟ್ಟೆ ತುಂಬ ಉಣ್ಣಿ.

ನಿಮ್ಮ
ಅರ್ಚನಾ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ನಿಮ್ಮ ಮಾತು ನಿಜವೆಂದು ತೋರಿಸಲು ನಾನು ಬಳ್ಳಾರಿಗೆ ಹೋದದ್ದಲ್ಲ. ನೀವು ಸುಳ್ಳು ಹೇಳಿದಿರೋ ಏನೋ ಎಂದು ನೋಡಲು ಹೋದೆ. ಭಾನುವಾರ ಮಡಕಶಿರಾಕ್ಕೆ ಬರುತ್ತಿದ್ದೇನೆ. ಇದು ಗೊತ್ತಾದ ಮೇಲೂ ಮನಸ್ಸಾದರೆ ಬಸ್ ಸ್ಟ್ಯಾಂಡಿಗೆ ಬನ್ನಿ.